ಮನೆಯಲ್ಲೇ ಕೂತು ಜನಪದ ಆಲ್ಬಮ್ ರೆಕಾರ್ಡ್ ಮಾಡುವುದು ಹೇಗೆ

ಸಿನಿಮಾ ಹಾಡು ಮಾಡುವವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂದು ಏಕತಾರಿ ಅಥವಾ ಗಿಟಾರ್, ಒಂದು ಹಾರ್ಮೋನಿಯಂ, ಒಂದು ದಮ್ಮಡಿ, ಹಿಂದೆ ಸೊಲ್ಲು (ಪಲ್ಲವಿ) ಹಿಡಿಯುವುದಕ್ಕೆ ಒಂದಿಬ್ಬರು, ಇಷ್ಟು ಇಟ್ಟುಕೊಂಡು ತತ್ವಪದವನ್ನೋ ಅಜ್ಜಿಯಿಂದ ಕಲಿತ ಸೋಬಾನೆ ಪದವನ್ನೋ ಎಂಟು ಹತ್ತು ಹಾಡಿನ ಆಲ್ಬಮ್ ಮಾಡಬೇಕು ಅನ್ನುವವರಿಗೆ ಬರೆದದ್ದು. ಸ್ಟುಡಿಯೋಗೆ ದುಡ್ಡಿಲ್ಲ ಅನ್ನುವವರು ಇರುತ್ತಾರೆ. ದುಡ್ಡಿದ್ದರೂ ಗಂಟೆ ಲೆಕ್ಕದಲ್ಲಿ ಗಡಿಯಾರ ನೋಡುತ್ತಾ ಹಾಡೋಕೆ ಮನಸ್ಸಿಲ್ಲದವರೂ ಇರುತ್ತಾರೆ. ಇಬ್ಬರಿಗೂ ದಾರಿ ಒಂದೇ.

ನಾನು ಹೇಳುವುದು ಇಷ್ಟೇ. ಈ ಬಗೆಯ ಹಾಡಿಗೆ ಮೈಕಿನ ಬೆಲೆಗಿಂತ ಮೈಕ್ ಇಟ್ಟ ಜಾಗ ಮುಖ್ಯ. ಎಲ್ಲರೂ ಒಟ್ಟಿಗೆ ಕೂತು, ಹಾಡನ್ನು ಮೊದಲಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಹಾಡುವುದು ಅದಕ್ಕಿಂತ ಮುಖ್ಯ. ಒಬ್ಬೊಬ್ಬರನ್ನೇ ಕರೆದು, ಕಿವಿಗೆ ಹೆಡ್‌ಫೋನ್ ಹಾಕಿ, ಟಿಕ್ ಟಿಕ್ ಲೆಕ್ಕಕ್ಕೆ ಹಾಡಿಸಿದರೆ ಶ್ರುತಿ ತಾಳ ಎಲ್ಲ ಸರಿಯಾಗಿಯೇ ಬರುತ್ತದೆ, ಆದರೆ ಮೂರನೇ ನುಡಿಗೆ, ಅಂದರೆ ಚರಣಕ್ಕೆ, ಹಾಡು ತಾನಾಗಿ ಸ್ವಲ್ಪ ಓಡುತ್ತದಲ್ಲ, ಆ ಓಟ ಸತ್ತುಹೋಗುತ್ತದೆ.

ಸಣ್ಣ ಸಲಕರಣೆ ಬಗ್ಗೆ ಅನುಮಾನ ಇದ್ದರೆ ಒಂದು ಹಳೇ ಉದಾಹರಣೆ ಇದೆ. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ತಮ್ಮ ಮನೆಯ ಮಲಗುವ ಕೋಣೆಯಲ್ಲಿ, ನಾಲ್ಕು ಟ್ರ್ಯಾಕಿನ ಟಿಯಾಕ್ ಕ್ಯಾಸೆಟ್ ರೆಕಾರ್ಡರ್ ಮತ್ತು ಎರಡು ಶೂರ್ ಎಸ್‌ಎಂ57 ಮೈಕ್ ಇಟ್ಟುಕೊಂಡು ಒಂದಷ್ಟು ಹಾಡು ರೆಕಾರ್ಡ್ ಮಾಡಿದರು. ತಮ್ಮ ಬ್ಯಾಂಡಿಗೆ ಕೇಳಿಸುವುದಕ್ಕೆ ಮಾಡಿದ ಕಚ್ಚಾ ಪ್ರತಿ ಅದು. ಆಮೇಲೆ ಇಡೀ ಬ್ಯಾಂಡ್ ಸೇರಿಸಿ ಸ್ಟುಡಿಯೋದಲ್ಲಿ ಮತ್ತೆ ಮಾಡಿ ನೋಡಿದರೂ ಕ್ಯಾಸೆಟ್ಟಿನಲ್ಲಿದ್ದದ್ದು ಬರಲಿಲ್ಲ. ಕೊನೆಗೆ ಅದೇ ಕ್ಯಾಸೆಟ್ಟು ‘ನೆಬ್ರಾಸ್ಕಾ’ ಅನ್ನುವ ಆಲ್ಬಮ್ ಆಗಿ ಹೊರಬಂತು. ಆ ಎಸ್‌ಎಂ57 ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ.

ಕೋಣೆ

ಮನೆಯ ಒಂದೊಂದೇ ಕೋಣೆಗೆ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿ. ಟೈಲ್ಸ್ ಹಾಕಿದ ಹಾಲಿನಲ್ಲಿ ಚಪ್ಪಾಳೆಯ ಹಿಂದೆಯೇ ‘ಝರ್ರ್’ ಅಂತ ಒಂದು ಬಾಲ ಕೇಳುತ್ತದೆ. ಎದುರುಬದುರು ಗೋಡೆಗಳ ಮಧ್ಯೆ ಸದ್ದು ಓಡಾಡುವುದರಿಂದ ಅದು ಬರುತ್ತದೆ. ಅದು ರೆಕಾರ್ಡಿಂಗಿಗೆ ಹತ್ತಿಕೊಂಡರೆ ಆಮೇಲೆ ನೀಟಾಗಿ ಬಿಡಿಸುವುದು ಕಷ್ಟ. ಸಾಮಾನ್ಯವಾಗಿ ಗೆಲ್ಲುವುದು ಮಲಗುವ ಕೋಣೆಯೇ. ಹಾಸಿಗೆ, ದಿಂಬು, ಪರದೆ, ಬಟ್ಟೆ ತುಂಬಿದ ಬೀರು, ಎಲ್ಲವೂ ಸದ್ದು ಹೀರುತ್ತವೆ. ಬೀರುವಿನ ಬಾಗಿಲು ತೆಗೆದೇ ಇಡಿ, ಮುಚ್ಚಿದರೆ ಅದು ಬರೀ ತಗಡು. ನೆಲಕ್ಕೆ ಜಮಖಾನ ಹಾಸಿ.

ಉತ್ತರ ಕರ್ನಾಟಕದ ಮನೆಯಾದರೆ ಕೌದಿ ಇದ್ದೇ ಇರುತ್ತದೆ. ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ದಪ್ಪ ಕೌದಿಗಿಂತ ಒಳ್ಳೆಯ ಸಾಮಾನು ಈ ಕೆಲಸಕ್ಕೆ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದು. ಅದನ್ನು ಗೋಡೆಗೆ ಅಂಟಿಸಿ ತೂಗುಹಾಕಬೇಡಿ. ಗೋಡೆಯಿಂದ ಒಂದು ಗೇಣು ಮುಂದೆ ಹಗ್ಗ ಕಟ್ಟಿ ಇಳಿಬಿಡಿ. ನಡುವೆ ಗಾಳಿ ಇದ್ದರೆ ತೆಳು ಸದ್ದಿನ ಜೊತೆಗೆ ಸ್ವಲ್ಪ ಗಡಸು ಸದ್ದನ್ನೂ ಅದು ತಡೆಯುತ್ತದೆ. ಎಲ್ಲಿ ಕಟ್ಟಬೇಕು ಅನ್ನುವುದರಲ್ಲೇ ಎಷ್ಟೋ ಜನ ಎಡವುವುದು. ಮೈಕಿನ ಹಿಂದೆ ಕಟ್ಟುತ್ತಾರೆ. ಮೈಕು ನೋಡುವುದು ಹಾಡುವವರ ಕಡೆಗೆ, ಅಂದರೆ ಅವರ ಬೆನ್ನ ಹಿಂದಿನ ಗೋಡೆಯಿಂದ ತಿರುಗಿ ಬರುವ ಸದ್ದು ನೇರವಾಗಿ ಅದರ ಬಾಯಿಗೇ ಬೀಳುತ್ತದೆ. ಹಾಗಾಗಿ ಮೊದಲ ಕೌದಿ ಹಾಡುವವರ ಬೆನ್ನ ಹಿಂದೆ. ಇನ್ನೊಂದು ಇದ್ದರೆ ಪಕ್ಕಕ್ಕೆ. ಮೊಟ್ಟೆ ಟ್ರೇ ಅಂಟಿಸುವ ಸಂಪ್ರದಾಯ ಇನ್ನೂ ಇದೆ, ದಯವಿಟ್ಟು ಬೇಡ. ಅದರಿಂದ ಆಗುವ ಪ್ರಯೋಜನ ಕಡಿಮೆ, ಬೆಂಕಿಯ ಭಯ ಜಾಸ್ತಿ.

ಕೋಣೆಯ ನಟ್ಟನಡುವೆ ಕೂರಬೇಡಿ, ಮೂಲೆಯಲ್ಲೂ ಬೇಡ. ಎರಡೂ ಕಡೆ ತಗ್ಗು ಸ್ವರಗಳ ಲೆಕ್ಕ ತಪ್ಪುತ್ತದೆ, ಒಂದು ಸ್ವರ ಗುಂಯ್ ಅಂದರೆ ಪಕ್ಕದ್ದು ಕೇಳುವುದೇ ಇಲ್ಲ. ಉದ್ದದಲ್ಲಿ ಮೂರನೇ ಒಂದು ಭಾಗದಷ್ಟು ಒಳಗೆ ಕೂತು ನೋಡಿ. ಹಳೇ ಹಂಚಿನ ಮನೆ ಇದ್ದವರು ಪುಣ್ಯವಂತರು. ಇಳಿಜಾರು ಮಾಡು, ಮರದ ಜಂತೆ, ಹಂಚಿನ ಸಂದು, ಇವೆಲ್ಲ ಸೇರಿ ಸದ್ದನ್ನು ಒಂದೇ ಕಡೆ ಗೂಡುಕಟ್ಟಲು ಬಿಡುವುದಿಲ್ಲ. ಆದರೆ ಹೊರಗಿನದ್ದೆಲ್ಲ ಒಳಗೆ ಬರುತ್ತದೆ, ಮಳೆಗಾಲದಲ್ಲಂತೂ ಆ ಮನೆಯಲ್ಲಿ ರೆಕಾರ್ಡಿಂಗ್ ಮಾತೇ ಬೇಡ.

ಗಲಾಟೆಯ ವಿಷಯ. ಫ್ಯಾನ್ ಆರಿಸಿ, ಫ್ರಿಜ್ ಆರಿಸಿ, ಯುಪಿಎಸ್ ಪಕ್ಕದ ಕೋಣೆಯಲ್ಲಿದ್ದರೆ ಬಾಗಿಲು ಹಾಕಿ, ಹಳೇ ಚೋಕಿನ ಟ್ಯೂಬ್‌ಲೈಟ್ ಇದ್ದರೆ ಅದನ್ನೂ ಆರಿಸಿ. ಫ್ರಿಜ್ ಆರಿಸುವಾಗ ಬೈಕ್ ಕೀ ಅದರೊಳಗೇ ಇಟ್ಟುಬಿಡಿ, ಮತ್ತೆ ಹಾಕುವುದು ಮರೆಯುವುದಿಲ್ಲ. ಫ್ಯಾನ್ ನಿಂತ ಕೂಡಲೇ ಸೊಳ್ಳೆ ಬರುತ್ತದೆ, ಹಾಗಂತ ಕಾಯಿಲ್ ಹಚ್ಚಿದರೆ ಹೊಗೆ ಗಂಟಲು ಹಿಡಿಯುತ್ತದೆ. ಸಂಜೆಗೆ ಮುಂಚೆಯೇ ಕಿಟಕಿ ಮುಚ್ಚಿಡುವುದೊಂದೇ ಉಪಾಯ. ಊರಿಗೊಂದು ಹೊತ್ತು ಇರುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದರ ಮೇಲೆ. ಹಳ್ಳಿಯಲ್ಲಿ ಬೆಳಗಿನ ಜಾವ ಅಂದುಕೊಂಡರೆ ಗುಡಿಯ ಮೈಕು, ತೋಟದ ಮೋಟಾರು ಎರಡೂ ಶುರುವಾಗಿರುತ್ತವೆ, ಮಧ್ಯಾಹ್ನ ಊಟದ ನಂತರವೇ ವಾಸಿ. ಮಲೆನಾಡಿನಲ್ಲಿ ಜೀರುಂಡೆ ಬಿಡುವುದಿಲ್ಲ. ಅದು ಹಿಂದೆ ಸಣ್ಣಗೆ ಕೇಳಿದರೆ ಕೇಳಲಿ ಬಿಡಿ, ನನ್ನ ಮಟ್ಟಿಗೆ ಅದು ದೋಷವೇ ಅಲ್ಲ. ಕರೆಂಟ್ ಹೋದರೆ ಬೇಜಾರು ಮಾಡಬೇಡಿ, ಅಷ್ಟು ಒಳ್ಳೆಯ ನಿಶ್ಶಬ್ದ ಮತ್ತೆ ಸಿಗುವುದಿಲ್ಲ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಸಿ. ನಿಜ ಹೇಳಬೇಕೆಂದರೆ ಕರೆಂಟ್ ಇದ್ದಾಗಲೂ ಚಾರ್ಜರ್ ಕಿತ್ತೇ ರೆಕಾರ್ಡ್ ಮಾಡುವುದು ಒಳ್ಳೆಯದು. ನಮ್ಮ ಮನೆಗಳ ಅರ್ಥಿಂಗ್ ಗೊತ್ತಲ್ಲ, 50 ಹರ್ಟ್ಸಿನ ‘ಹೂಂ’ ಬರುವುದು ಎಷ್ಟೋ ಸಲ ಆ ಚಾರ್ಜರಿನಿಂದಲೇ.

ಸಾಮಾನು

ಇದನ್ನು ಬೇಗ ಮುಗಿಸುತ್ತೇನೆ. ಎರಡು ಮೈಕ್ ಹಾಕುವಂಥ ಒಂದು ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಸಣ್ಣ ಸದ್ದನ್ನೂ ಹಿಡಿಯುವ ಒಂದು ಕಂಡೆನ್ಸರ್ ಮೈಕ್, ಸಾಧ್ಯವಾದರೆ ಹತ್ತಿರದ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಒಂದು ಡೈನಾಮಿಕ್ ಮೈಕ್, ಗಟ್ಟಿ ಸ್ಟ್ಯಾಂಡು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಕಂಡೆನ್ಸರಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ (ಮೈಕಿನ ವೈರಿನಲ್ಲೇ ಹೋಗುವ ಕರೆಂಟ್) ಬೇಕು, ಇಂಟರ್‌ಫೇಸಿನಲ್ಲಿ ಅದಕ್ಕೊಂದು ಗುಂಡಿ ಇರುತ್ತದೆ. ಕೋಣೆ ಚೆನ್ನಾಗಿದ್ದರೆ ಕಂಡೆನ್ಸರ್, ಕೋಣೆ ಕೆಟ್ಟದಿದ್ದರೆ ಡೈನಾಮಿಕ್ ಹತ್ತಿರ ಇಟ್ಟುಕೊಂಡು ಹಾಡಿ, ಅಷ್ಟೇ ಲೆಕ್ಕ. ಏನೂ ಇಲ್ಲದಿದ್ದರೆ ಫೋನ್ ಸಾಕು. ಐಫೋನಿನ ವಾಯ್ಸ್ ಮೆಮೊಸ್‌ನಲ್ಲಿ ಆಡಿಯೋ ಗುಣಮಟ್ಟವನ್ನು ‘ಲಾಸ್‌ಲೆಸ್’ಗೆ ಬದಲಿಸಿ, ಆಂಡ್ರಾಯ್ಡ್ ಆದರೆ ವೇವ್ ಫೈಲ್ ಕೊಡುವ ಆ್ಯಪ್ ಹಾಕಿಕೊಳ್ಳಿ, ಏರೋಪ್ಲೇನ್ ಮೋಡಿಗೆ ಹಾಕುವುದು ಮರೆಯಬೇಡಿ. ಸಾಫ್ಟ್‌ವೇರಿಗೆ ಆಡಾಸಿಟಿ ಬಿಟ್ಟಿ. ರೀಪರ್ 60 ದಿನ ಪುಕ್ಕಟೆ ಬಳಸಿ ನೋಡಬಹುದು. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಇದೆ.

ಸಾಫ್ಟ್‌ವೇರಿನಲ್ಲಿ ರೆಕಾರ್ಡಿಂಗ್ ಗುಣಮಟ್ಟವನ್ನು 24 ಬಿಟ್, 48 ಕಿಲೋಹರ್ಟ್ಸ್‌ಗೆ ಇಡಿ. ಒಂದು ಮೈಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ, ಇಡೀ ಆಲ್ಬಮ್ಮಿನ ಎಲ್ಲ ಟೇಕುಗಳೂ (ಒಂದೊಂದು ಸಲ ಹಾಡಿದ್ದೂ ಒಂದೊಂದು ಟೇಕು) ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತವೆ. ಲೆವೆಲ್ (ಮೈಕಿನ ಸದ್ದು ಒಳಗೆ ಹೋಗುವ ಮಟ್ಟ) ಇಡುವಾಗ ಹಾಡಿನ ಅತಿ ಜೋರಿನ ಜಾಗವನ್ನೇ ಹಾಡಿಸಿ ನೋಡಿ, ಮೀಟರು ಮೈನಸ್ 12 ಡೆಸಿಬೆಲ್ ಆಸುಪಾಸು ಮುಟ್ಟಿದರೆ ಸಾಕು. ಮೈಕ್ ಪರೀಕ್ಷೆ ಮಾಡುವಾಗ ಎಲ್ಲರೂ ಮೆತ್ತಗೆ ಹಾಡುತ್ತಾರೆ, ಕೆಂಪು ಗುಂಡಿ ಒತ್ತಿದ ಮೇಲೆ ಎದೆ ತುಂಬಿ ಹಾಡುತ್ತಾರೆ. ಆ ಜಾಗ ಬಿಟ್ಟಿರಬೇಕು.

ಮೈಕ್ ಎಲ್ಲಿ

ಮೊದಲು ಒಂದೊಂದೇ ವಾದ್ಯ. ಗಿಟಾರಿಗೆ ಮೈಕನ್ನು ಆ ದುಂಡು ತೂತಿನ ಎದುರಿಗೆ ಇಡುವುದು ಎಲ್ಲರ ಕೈ ಮೊದಲು ಮಾಡುವ ಕೆಲಸ. ಅಲ್ಲಿಂದ ಬರೀ ‘ಗುಬು ಗುಬು’ ಬರುತ್ತದೆ. ಕತ್ತು ಹೊಟ್ಟೆಗೆ ಸೇರುವ ಕಡೆ, ಹನ್ನೆರಡನೇ ಫ್ರೆಟ್ಟಿನ (ಕತ್ತಿನ ಮೇಲಿನ ಅಡ್ಡಪಟ್ಟಿಯ) ಹತ್ತಿರ, ಒಂದು ಅಡಿ ದೂರದಿಂದ ಶುರು ಮಾಡಿ. ಇನ್ನೂ ಒಳ್ಳೆಯ ದಾರಿ ಅಂದರೆ, ನುಡಿಸುವವರನ್ನು ನುಡಿಸಲು ಬಿಟ್ಟು, ನೀವು ಒಂದು ಕಿವಿ ಬೆರಳಿನಿಂದ ಮುಚ್ಚಿಕೊಂಡು, ಇನ್ನೊಂದು ಕಿವಿಯನ್ನು ವಾದ್ಯದ ಸುತ್ತ ನಿಧಾನಕ್ಕೆ ಆಡಿಸಿ. ತಂತಿಯ ಕಣಕಣ ಮತ್ತು ಮರದ ದನಿ ಎರಡೂ ಸಮವಾಗಿ ಕೇಳುವ ಒಂದು ಜಾಗ ಸಿಗುತ್ತದೆ. ನಾಲ್ಕು ಬೆರಳು ಅತ್ತ ಸರಿದರೆ ಅದು ಇರುವುದಿಲ್ಲ. ಮೈಕಿನ ಮೂತಿ ಅಲ್ಲಿಗೇ ಬರಲಿ. ಏಕತಾರಿ, ತಂಬೂರಿ, ಚೌಡಿಕೆ, ಕಿನ್ನರಿ ಯಾವುದಕ್ಕಾದರೂ ಇದೇ ವಿದ್ಯೆ. ಇವುಗಳಿಗೆ ಇಷ್ಟು ಇಂಚು ಅಂತ ಬರೆದಿಟ್ಟ ಲೆಕ್ಕ ಹುಡುಕಬೇಡಿ, ಒಂದೊಂದು ಬುರುಡೆ ಒಂದೊಂದು ಥರ.

ಹಾರ್ಮೋನಿಯಂ ಸುಲಭ ಅನಿಸುತ್ತದೆ, ಆದರೆ ಕಾಟ ಕೊಡುತ್ತದೆ. ತಿದಿಯ ‘ಫುಸ್ ಫುಸ್’, ಮನೆಗಳ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಗಳ, ‘ಟಕ ಟಕ’ ಎರಡೂ ಮೈಕಿಗೆ ಬಲು ಇಷ್ಟ. ಪೆಟ್ಟಿಗೆಯ ಕೆಳಗೆ ದಪ್ಪ ಟವೆಲ್ ಹಾಸಿ, ಮೈಕನ್ನು ತಿದಿ ಇಲ್ಲದ ಕಡೆಯಿಂದ ಎರಡಡಿ ಮೇಲೆ ತಂದು ಓರೆಯಾಗಿ ಇಡಿ. ಇನ್ನೊಂದು ಮಾತು: ಹಳೇ ಹಾರ್ಮೋನಿಯಂ ಫೋನಿನ ಟ್ಯೂನರ್ ಆ್ಯಪಿಗೆ ಸರಿಯಾಗಿ ಕೂರಬೇಕು ಅಂತೇನಿಲ್ಲ. ಅದನ್ನು ಕೂತಲ್ಲೇ ತಿದ್ದಲು ಆಗದು, ಆದ್ದರಿಂದ ಗಿಟಾರು ಏಕತಾರಿಗಳೇ ಅದಕ್ಕೆ ಹೊಂದಿಕೊಳ್ಳಬೇಕು. ಶ್ರುತಿ ಯಾವ ಮನೆ ಅನ್ನುವುದನ್ನು ಮೊದಲ ಸಾಲಿನಿಂದ ತೀರ್ಮಾನಿಸಬೇಡಿ. ಕೊನೆಯ ನುಡಿಯ ಎತ್ತರದ ಸಾಲನ್ನು ಹಾಡಿಸಿ ನೋಡಿ ಇಡಿ. ಕರಿ ಒಂದು (ಮೊದಲ ಕರಿ ಮನೆ, ಸಿ ಶಾರ್ಪ್) ಅಂತಾದರೆ ಗಿಟಾರಿನವರು ಮೊದಲ ಫ್ರೆಟ್ಟಿಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಸಿ ಕಾರ್ಡ್ ಹಿಡಿದರೆ ಆಯಿತು.

ದಮ್ಮಡಿ, ತಮಟೆ, ತಾಳ ಇವನ್ನು ಹತ್ತಿರ ತರಲೇಬೇಡಿ. ತಾಳದ ಒಂದು ಏಟಿಗೆ ಪಾಪ ಇಡೀ ಹಾಡು ಮುಳುಗುತ್ತದೆ. ಮಳೆಗಾಲದಲ್ಲಿ ಚರ್ಮ ಸಡಿಲಾಗಿ ಮೊದಲ ಹಾಡಿಗೂ ನಾಲ್ಕನೇ ಹಾಡಿಗೂ ದನಿ ಬೇರೆ ಆಗುತ್ತದೆ. ಬೆಂಕಿಗೆ ಹಿಡಿದು ಕಾಯಿಸುವುದು ನುಡಿಸುವವರಿಗೆ ಗೊತ್ತೇ ಇರುತ್ತದೆ, ಅದಕ್ಕೆ ಬಿಡುವು ಕೊಡಿ.

ಕಂಠಕ್ಕೆ ಒಂದು ಗೇಣು, ಒಂದೂವರೆ ಗೇಣು ದೂರ. ‘ಪ’, ‘ಬ’, ‘ಭ’ ಅಂದಾಗ ಗಾಳಿ ಬಡಿದು ‘ಧಬ್’ ಅನ್ನುತ್ತದೆ, ತತ್ವಪದದಲ್ಲಿ ಭಕ್ತಿ, ಭವ, ಪರಮ, ಬ್ರಹ್ಮ ಇವೇ ತುಂಬಿರುತ್ತವಲ್ಲ. ಕಸೂತಿ ಹಾಕುವ ರಿಂಗಿಗೆ ತೆಳು ಕಾಲುಚೀಲದ ಬಟ್ಟೆ ಬಿಗಿದು ನಡುವೆ ಇಡಿ, ಮೈಕನ್ನು ಬಾಯಿಗಿಂತ ಸ್ವಲ್ಪ ಮೇಲಿಟ್ಟು ಕೆಳಗೆ ಬಗ್ಗಿಸಿ.

ಈಗ ಎಲ್ಲರೂ ಸೇರಿ ಒಂದೇ ಮೈಕಿಗೆ. ನನಗೆ ಇದೇ ಇಷ್ಟ. ಇಲ್ಲಿ ಮಿಕ್ಸಿಂಗ್, ಅಂದರೆ ಯಾವ ದನಿ ಎಷ್ಟು ಕೇಳಬೇಕು ಅಂತ ಹೊಂದಿಸುವುದನ್ನು, ಮಾಡುವುದು ಚಾಪೆಯ ಮೇಲೆ, ಕಂಪ್ಯೂಟರಿನಲ್ಲಿ ಅಲ್ಲ. ನೆನಪಿಡಬೇಕಾದ್ದು ಒಂದೇ: ದೂರ ಎರಡರಷ್ಟಾದರೆ ನೇರ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಾಡುವವರನ್ನು ಒಂದೂವರೆ ಅಡಿಯಲ್ಲಿ ಕೂರಿಸಿ. ಹಾರ್ಮೋನಿಯಂ ಅವರ ಪಕ್ಕಕ್ಕೆ ಮೂರಡಿಯಲ್ಲಿ, ದಮ್ಮಡಿ ಹಿಂದೆ ಆರಡಿಯಲ್ಲಿ, ತಾಳ ಅದಕ್ಕೂ ಹಿಂದೆ ಬಾಗಿಲ ಹತ್ತಿರ. ಹಿಮ್ಮೇಳದವರು ಹಾಡುವವರ ಹೆಗಲ ಹಿಂದೆ. ಒಂದು ನುಡಿ ರೆಕಾರ್ಡ್ ಮಾಡಿ, ಎಲ್ಲರೂ ಹೆಡ್‌ಫೋನಿನಲ್ಲಿ ಕೇಳಿ. ದಮ್ಮಡಿ ಜಾಸ್ತಿ ಅನಿಸಿದರೆ ಅವರಿಗೆ ‘ಸ್ವಲ್ಪ ಮೆಲ್ಲಗೆ ಬಾರಿಸಿ’ ಅನ್ನಬೇಡಿ. ಮೆಲ್ಲಗೆ ಬಾರಿಸಿದರೆ ಕೈಯ ಗತ್ತೇ ಹೋಗುತ್ತದೆ. ಜಮಖಾನ ಸಮೇತ ಒಂದಡಿ ಹಿಂದೆ ಸರಿಸಿ. ಮತ್ತೆ ಕೇಳಿ. ಹಾರ್ಮೋನಿಯಂ ಮಾತು ನುಂಗುತ್ತಿದ್ದರೆ ಪೆಟ್ಟಿಗೆಯನ್ನು ಸ್ವಲ್ಪ ಆಚೆಗೆ ತಿರುಗಿಸಿ. ಸರಿ ಹೊಂದಿದ ಮೇಲೆ ಪ್ರತಿಯೊಬ್ಬರ ಜಾಗಕ್ಕೂ ನೆಲಕ್ಕೆ ಟೇಪ್ ಅಂಟಿಸಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಟೀ ಕುಡಿದು ಬಂದು ಕೂತಾಗ ಯಾರೂ ಅದೇ ಜಾಗದಲ್ಲಿ ಕೂರುವುದಿಲ್ಲ.

ಎರಡು ಮೈಕ್ ಬೇಕೇ ಬೇಕು ಅಂದರೆ ಒಂದು ಕಂಠಕ್ಕೆ, ಒಂದು ವಾದ್ಯಗಳಿಗೆ. ಕಂಠದಿಂದ ಅದರ ಮೈಕ್ ಎಷ್ಟು ದೂರ ಇದೆಯೋ, ಎರಡನೇ ಮೈಕ್ ಆ ಕಂಠದ ಮೈಕಿನಿಂದ ಕನಿಷ್ಠ ಅದರ ಮೂರರಷ್ಟು ದೂರ ಇರಲಿ. ಇಲ್ಲದಿದ್ದರೆ ಒಂದೇ ದನಿ ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ, ಸೇರಿಸಿದಾಗ ಟೊಳ್ಳಾಗಿ ಕೇಳುತ್ತದೆ.

ಹಾಡಿಸುವುದು

ಪ್ರತಿ ಟೇಕಿನ ಮುಂಚೆ ಹಾಡಿನ ಹೆಸರು, ಎಷ್ಟನೇ ಟೇಕು ಅಂತ ಬಾಯಲ್ಲೇ ಹೇಳಿ. ಶುರುವಿನಲ್ಲಿ ಒಮ್ಮೆ, ಎಲ್ಲರೂ ಕೂತಲ್ಲೇ ಸುಮ್ನೆ ಕೂತು ಅರ್ಧ ನಿಮಿಷ ಖಾಲಿ ಕೋಣೆಯ ಸದ್ದನ್ನೂ ರೆಕಾರ್ಡ್ ಮಾಡಿ, ಅಂಟಿಸುವಾಗ ನಡುವೆ ತುಂಬಲು ಬೇಕಾಗುತ್ತದೆ. ಬಳೆ, ಗೆಜ್ಜೆ, ಗರಿಗರಿ ಇಸ್ತ್ರಿ ಅಂಗಿ ತೆಗೆದಿಡಲು ಹೇಳಿ.

ಒಂದು ಹಾಡಿಗೆ ಮೂರು ಟೇಕ್ ಸಾಕು. ಅದರಲ್ಲಿ ಬರದಿದ್ದರೆ ಬೇರೆ ಹಾಡಿಗೆ ಹೋಗಿ, ನಾಳೆ ಮತ್ತೆ ಬನ್ನಿ. ತಪ್ಪಾದರೆ ನಿಲ್ಲಿಸಬೇಡಿ, ಅದೇ ನುಡಿಯನ್ನು ಸೊಲ್ಲಿನಿಂದ ಮತ್ತೆ ಎತ್ತಿಕೊಳ್ಳಿ. ಜನಪದದಲ್ಲಿ ಸೊಲ್ಲು ತಿರುತಿರುಗಿ ಬರುವುದೇ ದೊಡ್ಡ ಅನುಕೂಲ, ಕತ್ತರಿಸಿ ಜೋಡಿಸಲು ಅದಕ್ಕಿಂತ ಸರಿಯಾದ ಜಾಗ ಇಲ್ಲ. ಮತ್ತೆ, ಹಾಡು ಮುಗಿದ ಮೇಲೆ ತಂತಿಯ ದನಿ ಪೂರ್ತಿ ಅಡಗುವ ತನಕ ಯಾರೂ ಉಸಿರೆತ್ತಬಾರದು. ಒಳ್ಳೇ ಟೇಕುಗಳ ಕೊನೆಯಲ್ಲೇ ಯಾರೋ ಒಬ್ಬರು ‘ಈ ಸಲ ಚೆನ್ನಾಗಿ ಬಂತು ಅಲ್ವಾ?’ ಅಂದಿರುತ್ತಾರೆ.

ತಿದ್ದುವುದು

ಇಲ್ಲಿ ಕೈ ಕಟ್ಟಿಕೊಂಡಷ್ಟೂ ಒಳ್ಳೆಯದು. ಉಸಿರೆಳೆಯುವ ಸದ್ದು ಅಳಿಸಬೇಡಿ. 70-80 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಹೈಪಾಸ್ ಫಿಲ್ಟರ್ ಹಾಕಿ ತೆಗೆದರೆ ದೂರದ ಲಾರಿ, ನೆಲದ ಅದುರು ಹೋಗುತ್ತವೆ. ಕೋಣೆ ಗುಂಯ್ ಅನ್ನುತ್ತಿದ್ದರೆ 200ರಿಂದ 300 ಹರ್ಟ್ಸ್ ನಡುವೆ ಎರಡು ಮೂರು ಡೆಸಿಬೆಲ್ ಇಳಿಸಿ. ಕಂಪ್ರೆಸರ್ (ಜೋರಿನ ಜಾಗವನ್ನು ತಗ್ಗಿಸುವ ಸಾಧನ) ಹಾಕಲೇಬೇಕು ಅನಿಸಿದರೆ ಅದರ ರೇಶಿಯೋ 2:1 ಇರಲಿ, ಸೂಜಿ ಎರಡು ಮೂರು ಡೆಸಿಬೆಲ್‌ಗಿಂತ ಜಾಸ್ತಿ ಅಲ್ಲಾಡಬಾರದು. ನಾಯ್ಸ್ ರಿಡಕ್ಷನ್ ಆಸೆ ಬೇಡ, ಜಾಸ್ತಿ ಹಾಕಿದರೆ ಕಂಠ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ರಿವರ್ಬ್, ಅಂದರೆ ಗುಡಿಯೊಳಗೆ ಹಾಡಿದಂಥ ಮಾರ್ದನಿ? ನಮ್ಮ ಭಕ್ತಿಗೀತೆ ಕ್ಯಾಸೆಟ್ಟುಗಳು ಸುರಿದಿರುವುದೇ ಸಾಕು.

ಜೋರಿನ ಪೈಪೋಟಿಗೂ ಇಳಿಯಬೇಡಿ. ಸ್ಪಾಟಿಫೈ ತಾನಾಗಿಯೇ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ) ಮಟ್ಟಕ್ಕೆ ತರುತ್ತದೆ. ಅದಕ್ಕಿಂತ ಜೋರಾಗಿ ಕೊಟ್ಟರೆ ಇಳಿಸುತ್ತದೆ ಅಷ್ಟೇ, ನೀವು ಹಿಂಡಿ ಹಾಕಿದ ಜೀವ ವಾಪಸ್ ಬರುವುದಿಲ್ಲ. ಟ್ರೂ ಪೀಕ್ (ಸದ್ದು ಮುಟ್ಟುವ ಅತಿ ಎತ್ತರದ ಮಟ್ಟ) ಮೈನಸ್ 1 ಡೆಸಿಬೆಲ್ ದಾಟದ ಹಾಗೆ ನೋಡಿಕೊಳ್ಳಿ. ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರಲೂಬೇಡಿ, ಜೋಗುಳ ಕೋಲಾಟದ ಪದದಷ್ಟು ಜೋರಾಗಿ ಇರಬಾರದಲ್ಲ. ಮುಗಿದ ಮೇಲೆ ಫೋನಿನ ಸ್ಪೀಕರಿನಲ್ಲಿ, ಕಾರಿನಲ್ಲಿ, ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳಿ. ಫೋನ್ ಸ್ಪೀಕರಿನಲ್ಲಿ ಮಾತು ಬಿಡಿಬಿಡಿಯಾಗಿ ಕೇಳಿದರೆ ಉಳಿದದ್ದು ಹೊಂದಿಕೊಳ್ಳುತ್ತದೆ.

ಹಕ್ಕು ಮತ್ತು ಬಿಡುಗಡೆ

ಇಲ್ಲಿ ಜಾಸ್ತಿ ಜನ ಸಿಕ್ಕಿಬೀಳುತ್ತಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕವಿ ಅಥವಾ ಸಂಗೀತ ರಚಿಸಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಶರೀಫರ ಪದ ಅಂದ ಕೂಡಲೇ ನಿಮ್ಮ ಬಾಯಿಗೆ ಬರುವ ಧಾಟಿ ಸಿ. ಅಶ್ವತ್ಥ್ ಅವರು ಹಾಕಿದ್ದಿರಬಹುದು, ಅವರು ತೀರಿಕೊಂಡದ್ದು 2009ರಲ್ಲಿ. ಪದ ಬಿಟ್ಟಿ, ಧಾಟಿ ಬಿಟ್ಟಿಯಲ್ಲ. ಬೇಂದ್ರೆಯವರ ಕವನಕ್ಕೆ 2041ರ ಕೊನೆಯವರೆಗೆ, ಕುವೆಂಪು ಅವರದ್ದಕ್ಕೆ 2054ರ ಕೊನೆಯವರೆಗೆ ಅನುಮತಿ ಬೇಕು. ಬರಹದಲ್ಲೇ ತೆಗೆದುಕೊಳ್ಳಿ. ಅದಕ್ಕಿಂತ ನಿಮ್ಮೂರಿನ ಭಜನೆ ಮೇಳದ ಹಳೇ ಧಾಟಿ ಹುಡುಕಿಕೊಂಡು ಹೋಗುವುದು ಎಷ್ಟೋ ವಾಸಿ, ಆಲ್ಬಮ್ಮಿಗೂ ಒಂದು ಮುಖ ಬರುತ್ತದೆ. ಅದನ್ನು ಕಲಿಸಿದವರ ಹೆಸರು, ಊರು ಅವರನ್ನು ಕೇಳಿ ಹಾಕಿ, ಜೊತೆಗೆ ಒಂದು ಮೊತ್ತವನ್ನೂ ಮಾತಾಡಿ ಕೊಡಿ. ಬಂದಾಗ ಕೊಡುತ್ತೇನೆ ಅನ್ನಬೇಡಿ, ಸ್ಟ್ರೀಮಿಂಗಿನಿಂದ ಅಂಥದ್ದೇನೂ ಬರುವುದಿಲ್ಲ.

ಸ್ಪಾಟಿಫೈ, ಆಪಲ್ ಮ್ಯೂಸಿಕ್ ಇವಕ್ಕೆ ನೀವೇ ನೇರವಾಗಿ ಹಾಕಲು ಆಗದು, ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಥರದ ವಿತರಕರ ಮೂಲಕ ಹೋಗಬೇಕು. ಬ್ಯಾಂಡ್‌ಕ್ಯಾಂಪ್ ಅನ್ನುವ ಸಂಗೀತ ಮಾರುವ ಜಾಲತಾಣದಲ್ಲಿ ನೀವೇ ಹಾಕಿ ನೀವೇ ಬೆಲೆ ಇಡಬಹುದು. ಮುಖಚಿತ್ರ ಚೌಕವಾಗಿ 3000 ಪಿಕ್ಸೆಲ್ ಇರಲಿ. ಭಾಷೆ ಕೇಳುವ ಕಡೆ ಕನ್ನಡ ಅಂತ ಆರಿಸಿ, ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಾಗಿ ಬಂದರೆ ಎಲ್ಲ ಕಡೆ ಒಂದೇ ಥರ ಬರೆಯಿರಿ, ಇಲ್ಲದಿದ್ದರೆ ಹುಡುಕಿದವರಿಗೆ ಸಿಗುವುದಿಲ್ಲ.

ಯೂಟ್ಯೂಬಿಗೆ ಹಾಕಿದ ಮೇಲೆ ಒಂದು ದಿನ ಕಂಟೆಂಟ್ ಐಡಿ (ಹಕ್ಕಿರುವ ಹಾಡುಗಳನ್ನು ಗುರುತಿಸುವ ಯೂಟ್ಯೂಬಿನ ವ್ಯವಸ್ಥೆ) ನೋಟಿಸು ಬರಬಹುದು. ಅದೇ ಜನಪದ ಹಾಡನ್ನು ಹಿಂದೆ ಯಾವುದೋ ಕಂಪನಿ ರೆಕಾರ್ಡ್ ಮಾಡಿರುತ್ತದೆ, ಮೆಷಿನ್ನು ಎರಡನ್ನೂ ಒಂದೇ ಅಂದುಕೊಳ್ಳುತ್ತದೆ. ಗಾಬರಿ ಬೇಡ. ಪದ, ಧಾಟಿ ಎರಡೂ ಸಾಂಪ್ರದಾಯಿಕ, ಹಾಡಿದ್ದು ನುಡಿಸಿದ್ದು ನಾವೇ ಅಂತ ಡಿಸ್ಪ್ಯೂಟ್ (ತಕರಾರು) ಹಾಕಿ, ಆ ಕಂಪನಿಯವರು ಉತ್ತರಿಸಲು 30 ದಿನ ಇರುತ್ತದೆ. ಆಗ ಕೈಗೆ ಬರುವುದು ನಿಮ್ಮ ಕಚ್ಚಾ ಫೈಲುಗಳೇ, ಟೇಕ್ ನಂಬರ್ ಹೇಳಿದ್ದು, ನಡುವೆ ನಕ್ಕಿದ್ದು ಎಲ್ಲ ಸೇರಿ. ಆದ್ದರಿಂದ ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡಿರಿ, ಒಂದು ನಿಮ್ಮ ಹತ್ತಿರ, ಇನ್ನೊಂದು ಹಾರ್ಮೋನಿಯಂನವರ ಮನೆಯಲ್ಲಿ.